ಕ್ರೀಡಾ ಸಾಧಕರ ಪರಿಚಯ: ಜೆಸ್ಸಿ ಓವೆನ್ಸ್ ಮತ್ತು ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯ

ಕ್ರೀಡಾ ವಿದ್ಯಾರ್ಥಿವೇತನ, ಕ್ರೀಡಾ ವಸತಿನಿಲಯ ಪ್ರವೇಶ ಹಾಗೂ ಕ್ರೀಡಾ ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಿಗೆ ಜೆಸ್ಸಿ ಓವೆನ್ಸ್ ಅವರ ಹೆಸರು ಅಪರಿಚಿತವೇನಲ್ಲ. 1936ರ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗಳಿಸಿದ ಅಮೆರಿಕದ ಓಟಗಾರರೆಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೂ ಮುನ್ನ ಅವರು ವ್ಯಾಸಂಗ ಮಾಡಿದ ರಾಜ್ಯ ವಿಶ್ವವಿದ್ಯಾನಿಲಯವು ಅವರಿಗೆ ವಿದ್ಯಾರ್ಥಿವೇತನವನ್ನಾಗಲಿ, ವಸತಿನಿಲಯದಲ್ಲಿ ಒಂದು ಹಾಸಿಗೆಯನ್ನಾಗಲಿ ನೀಡಿರಲಿಲ್ಲ ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವರ ಜೀವನವನ್ನೂ ಆ ವಿಶ್ವವಿದ್ಯಾನಿಲಯದ ಕ್ರೀಡಾ ಇತಿಹಾಸವನ್ನೂ ಒಟ್ಟಿಗೆ ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಬಾಲ್ಯ ಮತ್ತು ವಲಸೆ

ಜೇಮ್ಸ್ ಕ್ಲೀವ್‌ಲ್ಯಾಂಡ್ ಓವೆನ್ಸ್ ಅವರು 1913ರ ಸೆಪ್ಟೆಂಬರ್ 12ರಂದು ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದ ಓಕ್‌ವಿಲ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಹೆನ್ರಿ ಓವೆನ್ಸ್, ತಾಯಿ ಮೇರಿ ಎಮ್ಮಾ. ಪರರ ಭೂಮಿಯನ್ನು ಪಾಲಿಗೆ ಪಡೆದು ಹತ್ತಿ ಬೆಳೆಯುತ್ತಿದ್ದ ಬಡ ಕುಟುಂಬ ಅದು. ಅವರ ಅಜ್ಜಂದಿರು ಗುಲಾಮರಾಗಿದ್ದವರು. ಬದುಕುಳಿದ ಹತ್ತು ಮಕ್ಕಳಲ್ಲಿ ಕಿರಿಯರಾದ ಇವರು ಬಾಲ್ಯದಲ್ಲಿ ಪದೇಪದೇ ಶ್ವಾಸಕೋಶದ ಕಾಯಿಲೆಗೆ ತುತ್ತಾಗುತ್ತಿದ್ದರು.

ದಕ್ಷಿಣದ ರಾಜ್ಯಗಳಲ್ಲಿ ಜಾರಿಯಲ್ಲಿದ್ದ ವರ್ಣಭೇದದ ಕಾನೂನುಗಳು ಹಾಗೂ ಬಡತನದಿಂದ ಪಾರಾಗಲು ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಜನರು ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆ ಹೋದರು. ಓವೆನ್ಸ್ ಕುಟುಂಬವೂ ಅವರಲ್ಲೊಂದಾಗಿ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದು ನೆಲೆಸಿತು. ಆಗ ಬಾಲಕನಿಗೆ 9 ವರ್ಷ. ಮನೆಯಲ್ಲಿ ಅವರನ್ನು ಹೆಸರಿನ ಮೊದಲಕ್ಷರಗಳಿಂದ ಜೆ.ಸಿ. ಎಂದು ಕರೆಯುತ್ತಿದ್ದರು. ಹೊಸ ಶಾಲೆಯ ಶಿಕ್ಷಕಿಗೆ ದಕ್ಷಿಣದ ಉಚ್ಚಾರಣೆ ತಿಳಿಯದೆ ಜೆಸ್ಸಿ ಎಂದು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡರು. ಶಾಲಾ ದಾಖಲೆಯಲ್ಲಿ ಹೆಸರು ತಪ್ಪಾಗಿ ನಮೂದಾದ ಅನುಭವ ನಮ್ಮಲ್ಲಿಯೂ ಅನೇಕರಿಗೆ ಇದ್ದೀತು. ಇವರ ವಿಷಯದಲ್ಲಿ ಮಾತ್ರ ಆ ತಪ್ಪು ತಿದ್ದಲ್ಪಡದೆ ಜಗತ್ಪ್ರಸಿದ್ಧವಾಯಿತು.

ಶಾಲಾ ಅವಧಿಯ ನಂತರ ಅವರು ಪಾದರಕ್ಷೆ ದುರಸ್ತಿ ಅಂಗಡಿಯಲ್ಲಿ ಕೆಲಸ ಮಾಡಬೇಕಿದ್ದುದರಿಂದ ಸಂಜೆಯ ಕ್ರೀಡಾ ಅಭ್ಯಾಸಕ್ಕೆ ಹೋಗಲು ಅವಕಾಶವಿರಲಿಲ್ಲ. ಇದನ್ನು ಅರಿತ ದೈಹಿಕ ಶಿಕ್ಷಕ ಚಾರ್ಲ್ಸ್ ರೈಲಿ ಅವರು ಈ ಒಬ್ಬ ಬಾಲಕನಿಗಾಗಿ ಪ್ರತಿದಿನ ಬೆಳಿಗ್ಗೆ ಶಾಲೆ ಆರಂಭವಾಗುವ ಮೊದಲೇ ತರಬೇತಿ ನೀಡಿದರು. ಓವೆನ್ಸ್ ಅವರು ತಮ್ಮ ಜೀವನಪರ್ಯಂತ ರೈಲಿ ಅವರನ್ನು ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. 1933ರಲ್ಲಿ ಷಿಕಾಗೋ ನಗರದಲ್ಲಿ ನಡೆದ ರಾಷ್ಟ್ರೀಯ ಪ್ರೌಢಶಾಲಾ ಕ್ರೀಡಾಕೂಟದಲ್ಲಿ ಈಸ್ಟ್ ಟೆಕ್ನಿಕಲ್ ಪ್ರೌಢಶಾಲೆಯ ಪರವಾಗಿ ಓಡಿದ ಅವರು 100 ಗಜಗಳ ಓಟವನ್ನು 9.4 ಸೆಕೆಂಡುಗಳಲ್ಲಿ ಪೂರೈಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಉದ್ದಜಿಗಿತದಲ್ಲಿ 7.56 ಮೀಟರ್ ಜಿಗಿದರು. ಅನೇಕ ವಿಶ್ವವಿದ್ಯಾನಿಲಯಗಳು ಅವರನ್ನು ಆಹ್ವಾನಿಸಿದವು. ಅವರು ತಮ್ಮದೇ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿರುವ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯವನ್ನು ಆರಿಸಿಕೊಂಡರು.

ವಿಶ್ವವಿದ್ಯಾನಿಲಯದ ಹಿನ್ನೆಲೆ

ಈ ವಿಶ್ವವಿದ್ಯಾನಿಲಯದ ಮೂಲವು 1862ರ ಮೊರಿಲ್ ಕಾಯಿದೆಯಲ್ಲಿದೆ. ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಅಂಕಿತ ಪಡೆದ ಈ ಕಾಯಿದೆಯನ್ವಯ ಪ್ರತಿ ರಾಜ್ಯಕ್ಕೂ ಆ ರಾಜ್ಯದ ಒಬ್ಬೊಬ್ಬ ಸಂಸತ್ ಸದಸ್ಯನಿಗೆ 30,000 ಎಕರೆಗಳಂತೆ ಕೇಂದ್ರ ಸರ್ಕಾರದ ಭೂಮಿಯನ್ನು ಮಂಜೂರು ಮಾಡಲಾಯಿತು. ಅದರ ಮಾರಾಟದಿಂದ ಬಂದ ಹಣದಲ್ಲಿ ಕೃಷಿ ಹಾಗೂ ಯಂತ್ರಶಿಲ್ಪ ವಿದ್ಯೆಯನ್ನು ಸಾಮಾನ್ಯ ಜನರ ಮಕ್ಕಳಿಗೆ ಕಲಿಸುವ ಕಾಲೇಜುಗಳನ್ನು ಸ್ಥಾಪಿಸಬೇಕೆಂಬುದು ಷರತ್ತು. ಓಹಾಯೊ ರಾಜ್ಯದ ಪಾಲಿಗೆ 6,30,000 ಎಕರೆ ಬಂದಿತು. 1870ರಲ್ಲಿ ಕೃಷಿ ಮತ್ತು ಯಂತ್ರಶಿಲ್ಪ ಕಾಲೇಜು ಸ್ಥಾಪನೆಯಾಗಿ, 1873ರಲ್ಲಿ 24 ವಿದ್ಯಾರ್ಥಿಗಳೊಂದಿಗೆ ತರಗತಿಗಳು ಆರಂಭವಾದವು. 1878ರಲ್ಲಿ ಈಗಿನ ಹೆಸರನ್ನು ಪಡೆಯಿತು. ಈ ಕಾಯಿದೆಯಿಂದ ಹಂಚಿಕೆಯಾದ ಭೂಮಿಯಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಿಂದ ಪಡೆದುದೆಂಬುದನ್ನೂ ಇಲ್ಲಿ ನಮೂದಿಸುವುದು ಸೂಕ್ತ.

ಅಲ್ಲಿನ ಮೊದಲ ಫುಟ್‌ಬಾಲ್ ತಂಡ ಆಡಿದ್ದು 1890ರಲ್ಲಿ. 1912ರಲ್ಲಿ ವಿಶ್ವವಿದ್ಯಾನಿಲಯವು ನೆರೆಯ ರಾಜ್ಯಗಳ ವಿಶ್ವವಿದ್ಯಾನಿಲಯಗಳ ಕ್ರೀಡಾ ಒಕ್ಕೂಟಕ್ಕೆ ಸೇರಿತು. ಅದೇ ಇಂದಿನ ಬಿಗ್ ಟೆನ್ ಒಕ್ಕೂಟ. ಫುಟ್‌ಬಾಲ್ ಪಂದ್ಯಗಳಿಗೆ ಜನಸಂದಣಿ ಹೆಚ್ಚಾದಂತೆ ಸಾರ್ವಜನಿಕರಿಂದ 10 ಲಕ್ಷ ಡಾಲರುಗಳಿಗೂ ಹೆಚ್ಚಿನ ವಂತಿಗೆಯ ವಾಗ್ದಾನ ಪಡೆದು 1922ರಲ್ಲಿ ಕುದುರೆ ಲಾಳದ ಆಕಾರದ ಬೃಹತ್ ಕ್ರೀಡಾಂಗಣವನ್ನು ನಿರ್ಮಿಸಲಾಯಿತು. ಆ ಫುಟ್‌ಬಾಲ್ ಅಂಕಣದ ಸುತ್ತಲೂ ಓಟದ ಪಥವನ್ನೂ ಹಾಕಲಾಗಿತ್ತು. ಓಟದ ವಿಭಾಗವೂ ದುರ್ಬಲವಾಗಿರಲಿಲ್ಲ. 1929ರ ರಾಷ್ಟ್ರೀಯ ಅಂತರಕಾಲೇಜು ಅಥ್ಲೆಟಿಕ್ಸ್ ತಂಡ ಪ್ರಶಸ್ತಿ ಈ ವಿಶ್ವವಿದ್ಯಾನಿಲಯಕ್ಕೆ ಲಭಿಸಿತ್ತು. ಅದೇ ಕೂಟದಲ್ಲಿ ಇಲ್ಲಿನ ಜಾರ್ಜ್ ಸಿಂಪ್ಸನ್ ಅವರು 100 ಗಜಗಳನ್ನು 9.4 ಸೆಕೆಂಡುಗಳಲ್ಲಿ ಓಡಿದರೂ, ಆಗ ಹೊಸದಾಗಿ ಬಂದಿದ್ದ ಪ್ರಾರಂಭದ ಮರದ ಹಲಗೆಗಳಿಗೆ ಕಾಲೂರಿ ಓಡಿದರೆಂಬ ಕಾರಣಕ್ಕೆ ಆ ದಾಖಲೆಯನ್ನು ಮಾನ್ಯ ಮಾಡಲಿಲ್ಲ. ಓವೆನ್ಸ್ ಅವರ ಕಾಲದಲ್ಲಿಯೂ ಓಟಗಾರರು ಪಥದ ನೆಲದಲ್ಲಿ ಕೈಕರಣೆಯಿಂದ ಗುಳಿ ತೋಡಿಕೊಂಡೇ ಓಟ ಆರಂಭಿಸುತ್ತಿದ್ದರು.

ವಿದ್ಯಾರ್ಥಿ ಜೀವನ

1933ರ ಶರತ್ಕಾಲದಲ್ಲಿ ಓವೆನ್ಸ್ ಅವರು ವಿಶ್ವವಿದ್ಯಾನಿಲಯಕ್ಕೆ ಪ್ರವೇಶ ಪಡೆದರು. ಆಗ ಅಮೆರಿಕವು ಮಹಾ ಆರ್ಥಿಕ ಕುಸಿತದಲ್ಲಿತ್ತು. ಅವರಿಗೆ ಕ್ರೀಡಾ ವಿದ್ಯಾರ್ಥಿವೇತನ ದೊರೆಯಲಿಲ್ಲ. ಶುಲ್ಕಕ್ಕೂ ಊಟಕ್ಕೂ ತಾವೇ ದುಡಿಯಬೇಕಾಯಿತು. ರಾಜ್ಯದ ಶಾಸನಸಭಾ ಭವನದಲ್ಲಿ ಲಿಫ್ಟ್ ನಡೆಸುವ ಕೆಲಸವನ್ನು ಅವರಿಗೆ ಕೊಡಿಸಲಾಯಿತು. ಅದು ಹಿಂಭಾಗದ ಸರಕು ಲಿಫ್ಟ್ ಆಗಿತ್ತು. ಮುಂಭಾಗದಲ್ಲಿ ಗಣ್ಯರು ಬಳಸುವ ಲಿಫ್ಟ್‌ನ ಕೆಲಸ ಬಿಳಿಯ ವಿದ್ಯಾರ್ಥಿಗಳಿಗೆ ಮೀಸಲಾಗಿತ್ತು.

ಆವರಣದೊಳಗಿನ ವಸತಿಯಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಅವಕಾಶವಿರಲಿಲ್ಲ. ಗೃಹವಿಜ್ಞಾನ ವಿಭಾಗದ ಕಪ್ಪು ವಿದ್ಯಾರ್ಥಿನಿಯೊಬ್ಬರು ಬಿಳಿಯ ಸಹಪಾಠಿಗಳೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೋರಿ ನ್ಯಾಯಾಲಯದ ಮೊರೆಹೋಗಿದ್ದರು. ಓವೆನ್ಸ್ ಅವರು ಪ್ರವೇಶ ಪಡೆದ 1933ರಲ್ಲಿಯೇ ಓಹಾಯೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ವಿಶ್ವವಿದ್ಯಾನಿಲಯದ ಪರವಾಗಿ ತೀರ್ಪು ನೀಡಿತು. ಹೀಗಾಗಿ ಓವೆನ್ಸ್ ಅವರು ಇತರ ಕಪ್ಪು ವಿದ್ಯಾರ್ಥಿಗಳೊಡನೆ ಆವರಣದ ಹೊರಗೆ ಬಾಡಿಗೆ ಮನೆಯಲ್ಲಿ ಇದ್ದು ಸ್ವತಃ ಅಡುಗೆ ಮಾಡಿಕೊಳ್ಳುತ್ತಿದ್ದರು. ತಂಡದೊಂದಿಗೆ ಬೇರೆ ಊರುಗಳಿಗೆ ಪ್ರಯಾಣಿಸಿದಾಗಲೂ ಬಿಳಿಯ ಆಟಗಾರರು ಹೋಟೆಲಿನೊಳಗೆ ಊಟ ಮಾಡಿದರೆ, ಕಪ್ಪು ಆಟಗಾರರು ಪೊಟ್ಟಣ ಕಟ್ಟಿಸಿಕೊಂಡು ಹೊರಗೆ ತಿನ್ನಬೇಕಿತ್ತು. ರಾತ್ರಿ ತಂಗಲು ಅವರಿಗೆಂದೇ ಮೀಸಲಾದ ಹೋಟೆಲುಗಳನ್ನು ಹುಡುಕಬೇಕಿತ್ತು. ತೆರಿಗೆದಾರರ ಹಣದಿಂದ, ಸಾಮಾನ್ಯ ಜನರ ಮಕ್ಕಳಿಗಾಗಿ ಸ್ಥಾಪಿತವಾದ ಸಂಸ್ಥೆಯಲ್ಲಿ ಈ ಸ್ಥಿತಿಯಿತ್ತು ಎಂಬುದನ್ನು ಗಮನಿಸಬೇಕು.

ತರಬೇತುದಾರರಾದ ಲ್ಯಾರಿ ಸ್ನೈಡರ್ ಅವರು ಅದೇ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ, ಸ್ವತಃ ಅಡೆತಡೆ ಓಟಗಾರರು. ಓವೆನ್ಸ್ ಅವರ ಓಟದ ಪ್ರಾರಂಭ ಭಂಗಿಯನ್ನೂ ಉದ್ದಜಿಗಿತದಲ್ಲಿ ಗಾಳಿಯಲ್ಲಿರುವಾಗಿನ ಕಾಲುಗಳ ಚಲನೆಯನ್ನೂ ಅವರು ತಿದ್ದಿದರು. ಸಹ ಆಟಗಾರರು ಓವೆನ್ಸ್ ಅವರನ್ನು ತಮ್ಮ ನಾಯಕನನ್ನಾಗಿ ಆಯ್ಕೆ ಮಾಡಿದರು. ಆ ವಿಶ್ವವಿದ್ಯಾನಿಲಯದ ಪ್ರಮುಖ ಕ್ರೀಡಾ ತಂಡವೊಂದಕ್ಕೆ ಕಪ್ಪು ಜನಾಂಗದ ನಾಯಕನೊಬ್ಬ ಆಯ್ಕೆಯಾದದ್ದು ಅದೇ ಮೊದಲು. ನಾಯಕನಾದ ಮೇಲೂ ವಸತಿನಿಲಯದ ಬಾಗಿಲು ತೆರೆಯಲಿಲ್ಲ.

1935ರ ಮೇ 25

ಅಥ್ಲೆಟಿಕ್ಸ್ ಇತಿಹಾಸವನ್ನು ಬಲ್ಲವರಲ್ಲಿ ಹಲವರು ಬರ್ಲಿನ್‌ನ ನಾಲ್ಕು ಪದಕಗಳಿಗಿಂತಲೂ ಈ ಒಂದು ಅಪರಾಹ್ನವನ್ನೇ ಓವೆನ್ಸ್ ಅವರ ಶ್ರೇಷ್ಠ ಸಾಧನೆಯೆಂದು ಪರಿಗಣಿಸುತ್ತಾರೆ. ಆ ಅಭಿಪ್ರಾಯ ಸಮಂಜಸವಾಗಿಯೇ ಇದೆ.

ಮಿಷಿಗನ್ ವಿಶ್ವವಿದ್ಯಾನಿಲಯದ ಫೆರ್ರಿ ಮೈದಾನದಲ್ಲಿ ಅಂದು ಬಿಗ್ ಟೆನ್ ಒಕ್ಕೂಟದ ವಾರ್ಷಿಕ ಕ್ರೀಡಾಕೂಟ. ಕೆಲವು ದಿನಗಳ ಹಿಂದೆ ಮೆಟ್ಟಿಲುಗಳ ಮೇಲಿಂದ ಬಿದ್ದು ಓವೆನ್ಸ್ ಅವರ ಬೆನ್ನಿಗೆ ಪೆಟ್ಟಾಗಿತ್ತು. ಬಗ್ಗಿ ತಮ್ಮ ಪಾದಗಳನ್ನು ಮುಟ್ಟಲೂ ಸಾಧ್ಯವಿಲ್ಲದ ಸ್ಥಿತಿ. ಸ್ಪರ್ಧೆಯಿಂದ ಹಿಂದೆ ಸರಿಯುವುದು ಲೇಸೆಂಬ ಅಭಿಪ್ರಾಯ ಸ್ನೈಡರ್ ಅವರದಾಗಿತ್ತು. ಮೊದಲ ಓಟವನ್ನು ಓಡಿ ನೋಡುವುದು, ನಂತರದ್ದನ್ನು ನಂತರ ತೀರ್ಮಾನಿಸುವುದು ಎಂಬ ಒಪ್ಪಂದಕ್ಕೆ ಇಬ್ಬರೂ ಬಂದರು.

ಮಧ್ಯಾಹ್ನ 3 ಗಂಟೆ 15 ನಿಮಿಷಕ್ಕೆ 100 ಗಜಗಳ ಓಟ. ಸಮಯ 9.4 ಸೆಕೆಂಡು, ವಿಶ್ವದಾಖಲೆಗೆ ಸಮ. ಹತ್ತು ನಿಮಿಷಗಳ ನಂತರ ಉದ್ದಜಿಗಿತ. ಜಪಾನಿನ ಚುಹೆ ನಂಬು ಅವರ ಹೆಸರಿನಲ್ಲಿದ್ದ 7.98 ಮೀಟರ್ ವಿಶ್ವದಾಖಲೆಯ ಗುರುತಿನ ಬಳಿ ಒಂದು ಕರವಸ್ತ್ರವನ್ನು ಇಡಿಸಿ, ಒಂದೇ ಒಂದು ಪ್ರಯತ್ನ ಮಾಡಿದರು. 8.13 ಮೀಟರ್ ಜಿಗಿದರು. ಈ ದಾಖಲೆ 1960ರಲ್ಲಿ ರಾಲ್ಫ್ ಬಾಸ್ಟನ್ ಅವರು ಮುರಿಯುವವರೆಗೆ 25 ವರ್ಷ ಉಳಿಯಿತು. 3 ಗಂಟೆ 34 ನಿಮಿಷಕ್ಕೆ 220 ಗಜಗಳ ಓಟವನ್ನು 20.3 ಸೆಕೆಂಡುಗಳಲ್ಲಿ, 4 ಗಂಟೆಗೆ 220 ಗಜಗಳ ತಗ್ಗು ಅಡೆತಡೆ ಓಟವನ್ನು 22.6 ಸೆಕೆಂಡುಗಳಲ್ಲಿ ಮುಗಿಸಿ ಎರಡರಲ್ಲಿಯೂ ಹೊಸ ವಿಶ್ವದಾಖಲೆ ಸ್ಥಾಪಿಸಿದರು. ಅಡೆತಡೆ ಓಟದಲ್ಲಿ 23 ಸೆಕೆಂಡುಗಳೊಳಗೆ ಗುರಿ ಮುಟ್ಟಿದವರಲ್ಲಿ ಅವರೇ ಮೊದಲಿಗರು. ಒಟ್ಟು ಕಾಲಾವಧಿ 45 ನಿಮಿಷ.

ತಂಡ ಪ್ರಶಸ್ತಿ ಮಾತ್ರ ಅಂದು ಆತಿಥೇಯ ಮಿಷಿಗನ್ ಪಾಲಾಯಿತು. ರಾಷ್ಟ್ರೀಯ ಅಂತರಕಾಲೇಜು ಕೂಟಗಳಲ್ಲಿಯೂ ಹೀಗೆಯೇ ಆಯಿತು. 1935 ಮತ್ತು 1936ರಲ್ಲಿ ಓವೆನ್ಸ್ ಅವರು ತಲಾ ನಾಲ್ಕರಂತೆ ಎಂಟು ವೈಯಕ್ತಿಕ ಪ್ರಶಸ್ತಿಗಳನ್ನು ಗೆದ್ದರೂ, ಎರಡೂ ವರ್ಷ ತಂಡ ಪ್ರಶಸ್ತಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಯಿತು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಅವರು ತಮ್ಮ ಶಾಲಾ ದಿನಗಳ ಗೆಳತಿ ರೂತ್ ಸಾಲೊಮನ್ ಅವರನ್ನು ವಿವಾಹವಾದರು. ಅದೇ ತಿಂಗಳು ರಾಷ್ಟ್ರೀಯ ಹವ್ಯಾಸಿ ಕೂಟದಲ್ಲಿ ಯುಲೇಸ್ ಪೀಕಾಕ್ ಎಂಬ ಮತ್ತೊಬ್ಬ ಕಪ್ಪು ಓಟಗಾರ ಅವರನ್ನು 100 ಮೀಟರ್ ಓಟ ಮತ್ತು ಉದ್ದಜಿಗಿತ ಎರಡರಲ್ಲಿಯೂ ಸೋಲಿಸಿದರು. ಕ್ರೀಡಾಕೂಟಗಳಿಗಾಗಿ ಹೊರಗಿದ್ದ ದಿನಗಳಿಗೂ ಶಾಸನಸಭಾ ಭವನದ ಸಂಬಳ ಪಡೆದರೆಂಬ ಆಕ್ಷೇಪಣೆಯ ಮೇಲೆ ಹವ್ಯಾಸಿ ಕ್ರೀಡಾ ಸಂಸ್ಥೆಯು ವಿಚಾರಣೆಯನ್ನೂ ನಡೆಸಿತು. ಓವೆನ್ಸ್ ಅವರು ಹಣವನ್ನು ಹಿಂದಿರುಗಿಸಿ ತಮ್ಮ ಹವ್ಯಾಸಿ ಅರ್ಹತೆಯನ್ನು ಉಳಿಸಿಕೊಂಡರು. ದುಡಿಮೆ, ಅಭ್ಯಾಸ, ಪ್ರವಾಸಗಳ ನಡುವೆ ವ್ಯಾಸಂಗ ಹಿಂದುಳಿಯುತ್ತಿತ್ತು.

ಬರ್ಲಿನ್

ನಾಜಿ ಆಡಳಿತದ ಯಹೂದಿ ದ್ವೇಷದ ಕಾರಣದಿಂದ ಬರ್ಲಿನ್ ಕ್ರೀಡಾಕೂಟವನ್ನು ಬಹಿಷ್ಕರಿಸಬೇಕೆಂಬ ಕೂಗು ಅಮೆರಿಕದಲ್ಲಿ ಬಲವಾಗಿತ್ತು. 1935ರ ಡಿಸೆಂಬರ್‌ನಲ್ಲಿ ಹವ್ಯಾಸಿ ಕ್ರೀಡಾ ಸಂಸ್ಥೆಯು ಅಲ್ಪ ಬಹುಮತದಿಂದ ಭಾಗವಹಿಸಲು ತೀರ್ಮಾನಿಸಿತು. ಅಮೆರಿಕದ ತಂಡದಲ್ಲಿ ಓವೆನ್ಸ್ ಸೇರಿದಂತೆ 18 ಮಂದಿ ಕಪ್ಪು ಕ್ರೀಡಾಪಟುಗಳಿದ್ದರು.

1936ರ ಆಗಸ್ಟ್ 3ರಂದು 100 ಮೀಟರ್ ಓಟ (10.3 ಸೆಕೆಂಡು), 4ರಂದು ಉದ್ದಜಿಗಿತ (8.06 ಮೀಟರ್), 5ರಂದು 200 ಮೀಟರ್ ಓಟ (20.7 ಸೆಕೆಂಡು), 9ರಂದು 4x100 ಮೀಟರ್ ರಿಲೇ (39.8 ಸೆಕೆಂಡು, ವಿಶ್ವದಾಖಲೆ) ಹೀಗೆ ನಾಲ್ಕು ಚಿನ್ನದ ಪದಕಗಳು ಅವರದಾದವು. ಇದೇ ಕ್ರೀಡಾಕೂಟದಲ್ಲಿ ಆಗಸ್ಟ್ 15ರಂದು ಧ್ಯಾನ್‌ಚಂದ್ ಅವರ ನಾಯಕತ್ವದ ಭಾರತ ಹಾಕಿ ತಂಡವು ಆತಿಥೇಯ ಜರ್ಮನಿಯನ್ನು 8-1 ಗೋಲುಗಳಿಂದ ಸೋಲಿಸಿ ಚಿನ್ನ ಗೆದ್ದಿತೆಂಬುದು ನಮ್ಮ ಓದುಗರಿಗೆ ತಿಳಿದೇ ಇದೆ.

ರಿಲೇ ಪದಕದ ಹಿಂದೆ ಒಂದು ಕಹಿ ಪ್ರಸಂಗವಿದೆ. ಓಡಬೇಕಾಗಿದ್ದ ಮಾರ್ಟಿ ಗ್ಲಿಕ್‌ಮನ್ ಮತ್ತು ಸ್ಯಾಮ್ ಸ್ಟೋಲರ್ ಎಂಬಿಬ್ಬರು ಯಹೂದಿ ಆಟಗಾರರನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟು ಓವೆನ್ಸ್ ಮತ್ತು ರಾಲ್ಫ್ ಮೆಟ್‌ಕಾಫ್ ಅವರನ್ನು ಸೇರಿಸಲಾಯಿತು. ತಮಗೆ ಮೂರು ಪದಕಗಳು ಸಾಕು, ಅವರಿಬ್ಬರೇ ಓಡಲಿ ಎಂದು ಓವೆನ್ಸ್ ಅವರು ಕೋರಿದರೂ ತರಬೇತುದಾರರು ಒಪ್ಪಲಿಲ್ಲವೆಂದು ಗ್ಲಿಕ್‌ಮನ್ ಅವರೇ ಮುಂದೆ ತಿಳಿಸಿದ್ದಾರೆ.

ಹಿಟ್ಲರ್ ಓವೆನ್ಸ್ ಅವರ ಕೈಕುಲುಕಲು ನಿರಾಕರಿಸಿದನೆಂಬ ಕಥೆ ಪ್ರಚಲಿತವಾಗಿದೆ. ವಾಸ್ತವವಾಗಿ ಮೊದಲ ದಿನ ಕೆಲವು ವಿಜೇತರನ್ನು ಮಾತ್ರ ಅಭಿನಂದಿಸಿದ ಆತನಿಗೆ, ಎಲ್ಲರನ್ನೂ ಅಭಿನಂದಿಸಬೇಕು ಅಥವಾ ಯಾರನ್ನೂ ಅಭಿನಂದಿಸಕೂಡದು ಎಂದು ಒಲಿಂಪಿಕ್ ಸಮಿತಿಯ ಅಧ್ಯಕ್ಷರು ಸೂಚಿಸಿದ್ದರು. ಓವೆನ್ಸ್ ಅವರ ಮೊದಲ ಪದಕ ಬಂದದ್ದು ಮರುದಿನ. ಅಂತೆಯೇ ಉದ್ದಜಿಗಿತದ ಅರ್ಹತಾ ಸುತ್ತಿನಲ್ಲಿ ಜರ್ಮನಿಯ ಲುಟ್ಜ್ ಲಾಂಗ್ ಅವರು ಸಲಹೆ ನೀಡಿ ನೆರವಾದರೆಂಬ ಪ್ರಸಂಗವನ್ನು ಓವೆನ್ಸ್ ಅವರೇ ಹಲವು ಬಾರಿ ಹೇಳಿದ್ದರೂ ಇತಿಹಾಸಕಾರರು ಅದನ್ನು ಸಂಶಯದಿಂದ ನೋಡುತ್ತಾರೆ. ಸ್ಪರ್ಧೆಯ ನಂತರ ಲಾಂಗ್ ಅವರು ಎಲ್ಲರೆದುರು ಓವೆನ್ಸ್ ಅವರನ್ನು ಅಭಿನಂದಿಸಿ ಜೊತೆಗೆ ನಡೆದದ್ದು ಮಾತ್ರ ನಿಜ. ಅದಕ್ಕೆ ಛಾಯಾಚಿತ್ರಗಳ ಸಾಕ್ಷ್ಯವಿದೆ. ಬೆಳ್ಳಿ ಪದಕ ಪಡೆದ ಲಾಂಗ್ ಅವರು 1943ರಲ್ಲಿ ಯುದ್ಧದಲ್ಲಿ ಮೃತಪಟ್ಟರು.

ಪದಕಗಳ ನಂತರ

ಕ್ರೀಡಾಕೂಟ ಮುಗಿಯುವ ಮೊದಲೇ ಹವ್ಯಾಸಿ ಸಂಸ್ಥೆಯು ನಿಧಿ ಸಂಗ್ರಹಕ್ಕಾಗಿ ಯೂರೋಪಿನ ನಗರಗಳಲ್ಲಿ ಪ್ರದರ್ಶನ ಓಟಗಳನ್ನು ಏರ್ಪಡಿಸಿತು. ಓಟಗಾರರಿಗೆ ಅದರಲ್ಲಿ ಕಾಸಿನ ಪಾಲೂ ಇರಲಿಲ್ಲ. ಬಳಲಿದ್ದ ಓವೆನ್ಸ್ ಅವರು ಸ್ವೀಡನ್ ಪ್ರವಾಸಕ್ಕೆ ಹೋಗದೆ ತಾಯ್ನಾಡಿಗೆ ಮರಳಲು ನಿರ್ಧರಿಸಿದರು. ಸಂಸ್ಥೆಯು ಅವರನ್ನು ಅಮಾನತುಗೊಳಿಸಿತು. 22ನೆಯ ವಯಸ್ಸಿಗೇ ಅವರ ಅಧಿಕೃತ ಸ್ಪರ್ಧಾ ಜೀವನ ಮುಗಿಯಿತು.

ನ್ಯೂಯಾರ್ಕ್‌ನಲ್ಲಿ ಅದ್ಧೂರಿ ಮೆರವಣಿಗೆ ನಡೆಯಿತು. ಆದರೆ ಅವರ ಗೌರವಾರ್ಥ ಏರ್ಪಟ್ಟ ಔತಣಕೂಟಕ್ಕೆ ಹೋಟೆಲಿನ ಸರಕು ಲಿಫ್ಟ್‌ನಲ್ಲಿ ಮೇಲೇರಬೇಕಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ಅವರಿಂದ ಆಹ್ವಾನವಾಗಲಿ ಅಭಿನಂದನಾ ಸಂದೇಶವಾಗಲಿ ಬರಲಿಲ್ಲ. ಹಿಟ್ಲರ್‌ನ ವರ್ತನೆಗಿಂತ ಇದೇ ತಮ್ಮನ್ನು ಹೆಚ್ಚು ನೋಯಿಸಿತೆಂದು ಅವರು ಹೇಳುತ್ತಿದ್ದರು. ವಾಗ್ದಾನ ಮಾಡಿದ್ದ ದೊಡ್ಡ ಮೊತ್ತದ ಉದ್ಯೋಗಗಳು ಬಹುತೇಕ ಪೊಳ್ಳಾಗಿದ್ದವು. ಕುಟುಂಬ ಪೋಷಣೆಗಾಗಿ ಅವರು ಕುದುರೆಗಳ ವಿರುದ್ಧ ಓಡಿದರು, ಆಟದ ಮೈದಾನದ ಮೇಲ್ವಿಚಾರಕರಾದರು, ಬಟ್ಟೆ ಒಗೆಯುವ ಉದ್ಯಮ ಆರಂಭಿಸಿ 1939ರಲ್ಲಿ ದಿವಾಳಿಯಾದರು. ಜಗತ್ತಿನ ಅತಿ ವೇಗದ ಮನುಷ್ಯ ಕುದುರೆಯೊಡನೆ ಓಡುವುದನ್ನು ಅವಮಾನವೆಂದು ಕರೆದವರಿಗೆ, ಪದಕಗಳನ್ನು ತಿಂದು ಬದುಕಲಾಗದೆಂಬುದು ಅವರ ಉತ್ತರವಾಗಿತ್ತು.

1940ರಲ್ಲಿ ಅವರು ಪದವಿ ಪೂರ್ಣಗೊಳಿಸುವ ಆಸೆಯಿಂದ ಮತ್ತೆ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿ, ಸ್ನೈಡರ್ ಅವರಿಗೆ ತರಬೇತಿಯಲ್ಲಿ ನೆರವಾದರು. ಆದರೆ ಅಗತ್ಯ ಅಂಕಗಳು ಬರಲಿಲ್ಲ. ಮುಂದಿನ ವರ್ಷವೇ ವ್ಯಾಸಂಗವನ್ನು ಕೈಬಿಟ್ಟರು. ಯುದ್ಧಕಾಲದಲ್ಲಿ ಡೆಟ್ರಾಯಿಟ್‌ನ ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ ಕಪ್ಪು ನೌಕರರ ಸಿಬ್ಬಂದಿ ವ್ಯವಹಾರಗಳನ್ನು ನೋಡಿಕೊಂಡರು. 1949ರಿಂದ ಷಿಕಾಗೋದಲ್ಲಿ ನೆಲೆಸಿ ಸಾರ್ವಜನಿಕ ಸಂಪರ್ಕ ಹಾಗೂ ಭಾಷಣಗಳಿಂದ ಒಳ್ಳೆಯ ಸಂಪಾದನೆ ಮಾಡತೊಡಗಿದರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸರ್ಕಾರದ ಸದ್ಭಾವನಾ ರಾಯಭಾರಿಯಾಗಿ ಭಾರತ, ಮಲಯ ಮತ್ತು ಫಿಲಿಪ್ಪೀನ್ಸ್ ದೇಶಗಳಿಗೆ ಭೇಟಿ ನೀಡಿ ಯುವ ಕ್ರೀಡಾಪಟುಗಳಿಗೆ ಮಾರ್ಗದರ್ಶನ ಮಾಡಿದರು.

ಅವರ ಸಾರ್ವಜನಿಕ ಜೀವನ ನಿರ್ವಿವಾದವಾಗಿರಲಿಲ್ಲ. 1960ರ ದಶಕದಲ್ಲಿ ತೆರಿಗೆ ವಿವರಣೆ ಸಲ್ಲಿಸದ ಅಪರಾಧಕ್ಕಾಗಿ ದಂಡ ತೆತ್ತರು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಅವರು ವಿಜಯ ವೇದಿಕೆಯ ಮೇಲೆ ಮುಷ್ಟಿ ಎತ್ತಿ ಪ್ರತಿಭಟಿಸಿದಾಗ, ಓವೆನ್ಸ್ ಅವರು ಒಲಿಂಪಿಕ್ ಸಮಿತಿಯ ಪರವಾಗಿ ಮಾತನಾಡಿ ತಮ್ಮದೇ ಜನಾಂಗದ ಯುವಕರ ಅಸಮಾಧಾನಕ್ಕೆ ಗುರಿಯಾದರು. 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ನಿಲುವನ್ನು ಸಮರ್ಥಿಸಿಕೊಂಡರು, 1972ರ ಮತ್ತೊಂದು ಪುಸ್ತಕದಲ್ಲಿ ತಮ್ಮ ಅಭಿಪ್ರಾಯ ಬದಲಾಗಿದೆಯೆಂದು ಒಪ್ಪಿಕೊಂಡರು. 60ನೆಯ ವಯಸ್ಸಿನ ಅಂಚಿನಲ್ಲಿ ಹೀಗೆ ಬಹಿರಂಗವಾಗಿ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಅದೇ 1972ರಲ್ಲಿ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದಕ್ಕೂ ಮೊದಲೇ, 1960ರಲ್ಲಿ, ಅವರ ಪುತ್ರಿ ಮಾರ್ಲೀನ್ ಅವರನ್ನು ಅಲ್ಲಿನ ವಿದ್ಯಾರ್ಥಿಗಳು ವಾರ್ಷಿಕ ಪುನರ್ಮಿಲನ ಉತ್ಸವದ ರಾಣಿಯನ್ನಾಗಿ ಆಯ್ಕೆ ಮಾಡಿದ್ದರು. ಆ ಸ್ಥಾನಕ್ಕೆ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿನಿ ಅವರು. 1976ರಲ್ಲಿ ಅಧ್ಯಕ್ಷ ಫೋರ್ಡ್ ಅವರು ಓವೆನ್ಸ್ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕವನ್ನು ಪ್ರದಾನ ಮಾಡಿದರು. ದೀರ್ಘಕಾಲದ ಧೂಮಪಾನಿಯಾಗಿದ್ದ ಅವರು 1980ರ ಮಾರ್ಚ್ 31ರಂದು ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ನಿಧನರಾದರು. 1984ರಲ್ಲಿ ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣದ ಸಮೀಪದ ರಸ್ತೆಗೆ ಅವರ ಹೆಸರಿಡಲಾಯಿತು. 1936ರ ಕಪ್ಪು ಕ್ರೀಡಾಪಟುಗಳ ಬಂಧುಗಳನ್ನು ಶ್ವೇತಭವನವು ಬರಮಾಡಿಕೊಂಡದ್ದು 2016ರಲ್ಲಿ, ಅಧ್ಯಕ್ಷ ಒಬಾಮಾ ಅವರ ಅವಧಿಯಲ್ಲಿ.

ವಿಶ್ವವಿದ್ಯಾನಿಲಯದ ಕ್ರೀಡಾ ವ್ಯವಸ್ಥೆಯೂ ಈ ನಡುವೆ ಬಹಳ ಬದಲಾಗಿದೆ. 1972ರ ಕೇಂದ್ರ ಶಿಕ್ಷಣ ಕಾಯಿದೆಯ ನಂತರ ಮಹಿಳಾ ತಂಡಗಳಿಗೆ ವಿದ್ಯಾರ್ಥಿವೇತನಗಳು ಬಂದವು. ಅಲ್ಲಿ ಈಗ ಪುರುಷರ ಮತ್ತು ಮಹಿಳೆಯರ 30ಕ್ಕೂ ಹೆಚ್ಚು ಕ್ರೀಡಾ ತಂಡಗಳಿವೆ. 2021ರಿಂದ ಕಾಲೇಜು ಕ್ರೀಡಾಪಟುಗಳು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದಾಗಿದೆ. 2025ರಿಂದ ವಿಶ್ವವಿದ್ಯಾನಿಲಯಗಳು ಕ್ರೀಡಾ ಆದಾಯದ ಒಂದು ಪಾಲನ್ನು ಅವರಿಗೆ ನೇರವಾಗಿ ನೀಡಲು ಸಹ ಅವಕಾಶವಾಗಿದೆ. ಓವೆನ್ಸ್ ಅವರು ಓಡುತ್ತಿದ್ದ 1922ರ ಕ್ರೀಡಾಂಗಣದ ಪಥವನ್ನು ನವೀಕರಣದ ವೇಳೆ ತೆಗೆದುಹಾಕಲಾಯಿತು. ಅದಕ್ಕೆ ಬದಲಾಗಿ ನಿರ್ಮಿಸಲಾದ, 2001ರಿಂದ ಅಥ್ಲೆಟಿಕ್ಸ್ ಕೂಟಗಳು ನಡೆಯುತ್ತಿರುವ ಹೊಸ ಕ್ರೀಡಾಂಗಣಕ್ಕೆ ಜೆಸ್ಸಿ ಓವೆನ್ಸ್ ಸ್ಮಾರಕ ಕ್ರೀಡಾಂಗಣವೆಂದು ನಾಮಕರಣ ಮಾಡಲಾಗಿದೆ.